ರೈನ್, ಡ್ಯಾನ್ಯೂಬ್, ಡೌರೊ: ಹಗಲಲ್ಲಿ ಹಡಗು ಎಲ್ಲಿರುತ್ತದೆ ಅಂತ ಮೊದಲು ಕೇಳಿ

2022ರ ಆಗಸ್ಟ್‌ನಲ್ಲಿ ರೈನ್ ನದಿಯ ಅತಿ ಚೆಂದದ ಭಾಗವನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಏಳು ರಾತ್ರಿಯ ಹಡಗಿನ ಪ್ರವಾಸಕ್ಕೆ ಎರಡು ವರ್ಷ ದುಡ್ಡು ಕೂಡಿಟ್ಟುಕೊಂಡು ಹೋಗಿದ್ದೆವು, ನಾನು ಮತ್ತು ನಮ್ಮನೆಯವರು. ಆ ಬೇಸಿಗೆಯಲ್ಲಿ ಮಳೆಯೇ ಇರಲಿಲ್ಲ. ಜರ್ಮನಿಯ ಕೌಬ್ ಎಂಬ ಊರಿನಲ್ಲಿ ನೀರಿನ ಅಳತೆ 40 ಸೆಂಟಿಮೀಟರ್‌ಗಿಂತ ಕೆಳಗೆ ಇಳಿದಿತ್ತು. ಅದು ಅಳತೆಪಟ್ಟಿಯ ಲೆಕ್ಕ, ನದಿಯ ಆಳ ಅಲ್ಲ. ಹಡಗು ಹೋಗುವ ದಾರಿಯಲ್ಲಿ ಅದಕ್ಕಿಂತ ಒಂದು ಮೀಟರಿನ ಮೇಲೆ ಸ್ವಲ್ಪ ಜಾಸ್ತಿ ನೀರು ಇರುತ್ತದೆ. ಅಷ್ಟಿದ್ದರೂ ನಮ್ಮ ಹಡಗಿಗೆ ಸಾಲಲಿಲ್ಲ. ಹಿಂದಿನ ದಿನ ಸಂಜೆ ಊಟದ ಹೊತ್ತಿಗೆ ಹಡಗಿನವರು ಬಂದು, ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗೋಣ ಅಂದರು. ಅಷ್ಟೇ.

ಮರುವರ್ಷ ಜುಲೈನಲ್ಲಿ ಅಮ್ಮ ಮತ್ತು ದೊಡ್ಡಮ್ಮನನ್ನು ಕರೆದುಕೊಂಡು ಡ್ಯಾನ್ಯೂಬ್‌ಗೆ ಹೋದೆ. ಅದರ ಮುಂದಿನ ವರ್ಷ ಸೆಪ್ಟೆಂಬರ್ ಕೊನೆಗೆ ಪೋರ್ಚುಗಲ್‌ನ ಡೌರೊಗೆ. ಆಮೇಲೆ ರೈನ್‌ಗೆ ಇನ್ನೊಮ್ಮೆ ಹೋಗಿ, ಬಿಟ್ಟುಹೋದದ್ದನ್ನು ಕಣ್ತುಂಬ ನೋಡಿ ಬಂದೆ. ಈಗ ಪರಿಚಯದವರು ಯಾರೇ ಯುರೋಪಿನ ನದಿ ಪ್ರವಾಸದ ಬಗ್ಗೆ ಕೇಳಿದರೂ ಯಾವ ಕಂಪನಿ, ಎಷ್ಟು ಸ್ಟಾರ್ ಅಂತ ಶುರು ಮಾಡುತ್ತಾರೆ. ನಾನು ಹೇಳುವುದು ಒಂದೇ. ಕಂಪನಿ ಆಮೇಲೆ ಆರಿಸಿ, ಮೊದಲು ನದಿ ಆರಿಸಿ. ನದಿ ಆರಿಸುವಾಗ ಈ ಒಂದು ಪ್ರಶ್ನೆ ಕೇಳಿ: ಹಗಲು ಹೊತ್ತಿನಲ್ಲಿ ಹಡಗು ಎಲ್ಲಿರುತ್ತದೆ?

ಯಾಕೆ ಅಂದರೆ, ನದಿಯ ಹಡಗುಗಳು ಜಾಸ್ತಿ ಸಾಗುವುದು ರಾತ್ರಿ. ಬೆಳಿಗ್ಗೆ ಎದ್ದಾಗ ಒಂದು ಊರಿನ ದಡದಲ್ಲಿ ನಿಂತಿರುತ್ತದೆ, ತಿಂಡಿ ತಿಂದು ಗೈಡ್ ಜೊತೆ ಊರು ಸುತ್ತಿ ಬರುತ್ತೀರಿ, ರಾತ್ರಿ ಮಲಗಿದ ಮೇಲೆ ಹಡಗು ಹೊರಡುತ್ತದೆ. ಊರು ನೋಡಲು ಇದಕ್ಕಿಂತ ಸುಖ ಇಲ್ಲ. ದಿನಾ ಪೆಟ್ಟಿಗೆ ಕಟ್ಟುವ ಕೆಲಸ ಇಲ್ಲ, ರೈಲಿಗೆ ಓಡುವುದಿಲ್ಲ. ಆದರೆ ಬ್ರೋಷರ್‌ನ ಮೊದಲ ಪುಟದಲ್ಲಿ ಇರುವ ಚಿತ್ರ, ಎರಡೂ ಕಡೆ ದ್ರಾಕ್ಷಿ ತೋಟ, ನಡುವೆ ಬಿಳಿ ಹಡಗು, ಮೇಲಿನ ಡೆಕ್ಕಿನಲ್ಲಿ ಕೂತ ಜನ, ಅದನ್ನು ನೋಡಿ ನೀವು ದುಡ್ಡು ಕೊಟ್ಟಿದ್ದರೆ, ಆ ದ್ರಾಕ್ಷಿ ತೋಟದ ನಡುವೆ ಹಡಗು ಹೋಗುವಾಗ ನೀವು ಎಚ್ಚರ ಇರಬೇಕು ಅಲ್ವಾ? ಹಾಗಾಗಿ ಏಜೆಂಟ್ ಹತ್ತಿರ ಊರುಗಳ ಪಟ್ಟಿ ಕೇಳಬೇಡಿ. ಪ್ರತಿ ದಿನ ಎಷ್ಟು ಗಂಟೆಗೆ ಎಲ್ಲಿಂದ ಹೊರಡುತ್ತದೆ, ಎಷ್ಟು ಗಂಟೆಗೆ ಎಲ್ಲಿ ತಲುಪುತ್ತದೆ ಎಂಬ ವೇಳಾಪಟ್ಟಿ ಕೇಳಿ. ಕೊಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ.

ರೈನ್: ದೊಡ್ಡ ಊರುಗಳು, ಒಂದೇ ಒಂದು ಅದ್ಭುತ ದಿನ

ಸಾಮಾನ್ಯ ದಾರಿ ಆಮ್ಸ್ಟರ್‌ಡ್ಯಾಮ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ, ಇಲ್ಲವೇ ಅಲ್ಲಿಂದ ಇಲ್ಲಿಗೆ. ಕಲೋನ್, ಕೋಬ್ಲೆಂಜ್, ರೂಡೆಸ್‌ಹೈಮ್, ಸ್ಟ್ರಾಸ್‌ಬರ್ಗ್ ಎಲ್ಲ ಸಿಗುತ್ತವೆ. ಇತಿಹಾಸ ನಿಮಗೆ ಇಷ್ಟ ಅಂದರೆ ಇದು ತುಂಬಿದ ಕೊಡ. ಕಲೋನ್ ಕ್ಯಾಥೆಡ್ರಲ್‌ಗೆ 1248ರಲ್ಲಿ ಅಡಿಪಾಯ ಹಾಕಿದರು, ಮುಗಿದದ್ದು 1880ರಲ್ಲಿ. ಆರುನೂರಕ್ಕೂ ಹೆಚ್ಚು ವರ್ಷ! ಹಡಗಿನಿಂದ ಇಳಿದು ನಡೆದೇ ಹೋಗಬಹುದು. ಸ್ಟ್ರಾಸ್‌ಬರ್ಗ್‌ನಲ್ಲಿ ಮಾತ್ರ ಹಡಗು ಊರಿನಿಂದ ದೂರ ನಿಲ್ಲುತ್ತದೆ, ಬಸ್ಸು ಅಥವಾ ಟ್ರ್ಯಾಮ್ ಹಿಡಿಯಬೇಕು. ಅಲ್ಲಿಯ ಕ್ಯಾಥೆಡ್ರಲ್ ಒಳಗಿನ ದೊಡ್ಡ ಗಡಿಯಾರದಲ್ಲಿ ಮಧ್ಯಾಹ್ನ 12.30ಕ್ಕೆ ಕ್ರಿಸ್ತನ ಶಿಷ್ಯರ ಗೊಂಬೆಗಳು ಒಂದೊಂದಾಗಿ ಹೊರಗೆ ಬರುತ್ತವೆ, ಆ ಹೊತ್ತಿಗೆ ಸರಿಯಾಗಿ ಅಲ್ಲಿರಿ.

ದ್ರಾಕ್ಷಿ ತೋಟ ಮತ್ತು ಕೋಟೆಗಳ ಭಾಗ ಇರುವುದು ರೂಡೆಸ್‌ಹೈಮ್‌ನಿಂದ ಕೋಬ್ಲೆಂಜ್‌ವರೆಗಿನ ಸುಮಾರು 65 ಕಿಲೋಮೀಟರ್‌ನಲ್ಲಿ. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಣಿವೆ. ಇದನ್ನು ಬಹುತೇಕ ಎಲ್ಲ ಕಂಪನಿಗಳೂ ಹಗಲಲ್ಲೇ ದಾಟಿಸುತ್ತವೆ, ಆ ಚಿಂತೆ ಬೇಡ. ನಲವತ್ತರ ಆಸುಪಾಸು ಕೋಟೆಗಳು. ಒಂದು ಕಣ್ಮರೆ ಆಗುವ ಮೊದಲೇ ಇನ್ನೊಂದು ಬರುತ್ತದೆ. ಇಷ್ಟೊಂದು ಯಾಕೆ ಕಟ್ಟಿದರು ಅಂತ ಅನಿಸುತ್ತದೆ. ಬಹಳಷ್ಟು ನಮ್ಮ ಸುಂಕದಕಟ್ಟೆಗಳ ಹಾಗೆ. ನದಿಯಲ್ಲಿ ಹೋಗುವ ಸರಕಿಗೆ ಒಬ್ಬೊಬ್ಬ ಪಾಳೇಗಾರನೂ ಸುಂಕ ಎತ್ತುತ್ತಿದ್ದ. ಕೌಬ್ ಎದುರಿಗೆ ನದಿಯ ನಟ್ಟನಡುವೆ ಬಂಡೆಯ ಮೇಲೆ ಒಂದು ಪುಟ್ಟ ಬಿಳಿ ಕೋಟೆ ಇದೆ, ಹಡಗಿನದೇ ಆಕಾರ. 14ನೇ ಶತಮಾನದಲ್ಲಿ ಕಟ್ಟಿದ್ದು, ಅದೂ ಸುಂಕಕ್ಕಾಗಿಯೇ. ದಡದ ಉದ್ದಕ್ಕೂ ಕಿಲೋಮೀಟರ್ ಸಂಖ್ಯೆ ಬರೆದ ದೊಡ್ಡ ಬಿಳಿ ಫಲಕಗಳಿವೆ. 546 ಅಂತ ಕಂಡರೆ ಕೌಬ್ ಬಂತು, 554 ಅಂದರೆ ದಡದ ಹೆಸರಾಂತ ಲೊರೆಲೈ ಬಂಡೆ. ಮಡಿಲಲ್ಲಿ ನಕ್ಷೆ ಇಟ್ಟುಕೊಂಡು ಆ ಸಂಖ್ಯೆ ನೋಡುತ್ತಾ ಕೂತರೆ ಗೈಡ್ ಮೈಕಿನಲ್ಲಿ ಏನು ಹೇಳಿದರು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇಲ್ಲಿ ಬ್ರೋಷರ್ ಹೇಳದ ಒಂದು ಮಾತು ಇದೆ. ದಿಕ್ಕು ನೋಡಿ. ಬಾಸೆಲ್‌ನಿಂದ ಆಮ್ಸ್ಟರ್‌ಡ್ಯಾಮ್‌ಗೆ ಹೋದರೆ ನೀರಿನ ಹರಿವಿನ ಜೊತೆಗೇ ಹೋಗುತ್ತೀರಿ, ಆ ಕಣಿವೆ ಬೇಗ ಮುಗಿದುಬಿಡುತ್ತದೆ. ಆಮ್ಸ್ಟರ್‌ಡ್ಯಾಮ್‌ನಿಂದ ಬಾಸೆಲ್‌ಗೆ ಬಂದರೆ ಹರಿವಿಗೆ ಎದುರಾಗಿ, ನಿಧಾನವಾಗಿ. ಅಲ್ಲಿನ ಹಗಲು ದೋಣಿಗಳ ವೇಳಾಪಟ್ಟಿಯಲ್ಲೂ ಇದು ಕಾಣುತ್ತದೆ: ಕೆಳಮುಖವಾಗಿ ಸುಮಾರು ನಾಲ್ಕು ಗಂಟೆ ಹಿಡಿಯುವ ದಾರಿಗೆ ಮೇಲ್ಮುಖವಾಗಿ ಆರು ಗಂಟೆ. ಅದೇ ದುಡ್ಡಿಗೆ ಜಾಸ್ತಿ ಹೊತ್ತು ನೋಡಲು ಸಿಗುವಾಗ ಯಾಕೆ ಬಿಡಬೇಕು? ನನ್ನ ಓಟು ಮೇಲ್ಮುಖಕ್ಕೆ.

ಕೊರತೆ ಏನು? ಏಳು ದಿನದಲ್ಲಿ ದ್ರಾಕ್ಷಿ ನಾಡು ಅನ್ನುವುದು ಒಂದು, ಹೆಚ್ಚೆಂದರೆ ಒಂದೂವರೆ ದಿನ. ಆ ಕಣಿವೆಯ ಎರಡೂ ದಡದಲ್ಲಿ ರೈಲು ಹಳಿ ಇದೆ, ರಾತ್ರಿಯೆಲ್ಲ ಗೂಡ್ಸ್ ಗಾಡಿ ಓಡುತ್ತವೆ, ರೂಡೆಸ್‌ಹೈಮ್‌ನಲ್ಲಿ ಹಡಗು ನಿಂತರೆ ನಿದ್ದೆ ಹಗುರ ಇರುವವರಿಗೆ ಕಷ್ಟ. ಮತ್ತೆ ನೀರಿನ ವಿಷಯ ಹೇಳಿಯೇ ಇದ್ದೇನೆ. 2018ರ ಅಕ್ಟೋಬರ್‌ನಲ್ಲಂತೂ ಕೌಬ್‌ನ ಅಳತೆ 25 ಸೆಂಟಿಮೀಟರ್‌ಗೆ ಇಳಿದಿತ್ತು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಈ ಭಯ ಜಾಸ್ತಿ. ಮೇ, ಜೂನ್ ವಾಸಿ.

ವೈನ್ ನಾಡೇ ಮುಖ್ಯ, ಆದರೆ ಜರ್ಮನಿಯೇ ಬೇಕು ಅನ್ನುವವರು ಕೋಬ್ಲೆಂಜ್‌ನಲ್ಲಿ ರೈನ್‌ಗೆ ಬಂದು ಸೇರುವ ಮೊಸೆಲ್ ನದಿಯನ್ನು ನೋಡಿ. ಹಾವಿನಂತೆ ಸುತ್ತಿ ಸುತ್ತಿ ಹರಿಯುವ ಸಣ್ಣ ನದಿ. ಕೋಬ್ಲೆಂಜ್‌ನಿಂದ ಟ್ರಿಯರ್‌ವರೆಗೆ ಹತ್ತು ಕಡೆ ಅಡ್ಡಗಟ್ಟೆ ಮತ್ತು ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿ) ಇರುವುದರಿಂದ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಬೇಸಿಗೆಯ ಬರ ಅಷ್ಟಾಗಿ ತಟ್ಟುವುದಿಲ್ಲ. ನಮ್ಮ ಕಡೆ ದ್ರಾಕ್ಷಿ ಅಂದರೆ ಚಪ್ಪರ, ಅಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಬ್ರೆಮ್ ಊರಿನ ಕಾಲ್ಮೊಂಟ್ ಗುಡ್ಡದಲ್ಲಿ ಇಳಿಜಾರು 65 ಡಿಗ್ರಿ ಮುಟ್ಟುತ್ತದೆ. ನಿಂತುಕೊಳ್ಳುವುದೇ ಕಷ್ಟ, ಅಲ್ಲಿ ಕೂಲಿ ಮಾಡುವುದು ಹೇಗೆ ಅಂತ ಯೋಚಿಸಿ! ಕಪ್ಪು ಸ್ಲೇಟ್ ಕಲ್ಲಿನ ಚೂರು ಹಗಲು ಬಿಸಿಲು ಹೀರಿ ರಾತ್ರಿ ಬಳ್ಳಿಗೆ ಶಾಖ ಕೊಡುತ್ತದೆ. ಆ ಚಳಿ ನಾಡಿನಲ್ಲಿ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುವುದಕ್ಕೆ ಅದೂ ಒಂದು ಕಾರಣ. ಕೊಹೆಮ್, ಬೆರ್ನ್‌ಕಾಸ್ಟೆಲ್ ಎಂಬ ಎರಡು ಊರುಗಳಲ್ಲಿ ಹಗಲು ಹೊತ್ತು ನಿಲ್ಲಿಸುವ ಪ್ರವಾಸ ಸಿಕ್ಕರೆ ಬಿಡಬೇಡಿ.

ಡ್ಯಾನ್ಯೂಬ್: ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ನಾವು ಜರ್ಮನಿಯ ಪಾಸೌದಿಂದ ಹಂಗೇರಿಯ ಬುಡಾಪೆಸ್ಟ್‌ಗೆ ಹೋದೆವು. ನಡುವೆ ಆಸ್ಟ್ರಿಯಾದ ಮೆಲ್ಕ್, ಡ್ಯೂರ್ನ್‌ಸ್ಟೈನ್, ವಿಯೆನ್ನಾ, ಆಮೇಲೆ ಸ್ಲೊವಾಕಿಯಾದ ಬ್ರಾಟಿಸ್ಲಾವಾ. ಅಮ್ಮನಿಗೆ 68, ಮಂಡಿನೋವು. ದೊಡ್ಡಮ್ಮ ಅವರಿಗಿಂತ ನಾಲ್ಕು ವರ್ಷ ದೊಡ್ಡವರು, ಆದರೆ ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಇಬ್ಬರಿಗೂ ಈ ಪ್ರವಾಸ ಹೊಂದಿತು. ಗೈಡ್ ಜೊತೆ ಹೋಗುವಾಗ ಗುಂಪುಗಳನ್ನು ವೇಗದ ಪ್ರಕಾರ ಮಾಡುತ್ತಾರೆ, ನಿಧಾನ ನಡೆಯುವವರದೇ ಒಂದು ಗುಂಪು ಇರುತ್ತದೆ. ಕಿವಿಗೆ ಒಂದು ಸಣ್ಣ ಯಂತ್ರ ಕೊಡುತ್ತಾರೆ, ಗೈಡ್ ಇಪ್ಪತ್ತು ಹೆಜ್ಜೆ ಮುಂದೆ ಇದ್ದರೂ ಮಾತು ಕೇಳುತ್ತದೆ. ಆದರೆ ಹಳೇ ಊರುಗಳ ನೆಲವೆಲ್ಲ ಉರುಟು ಕಲ್ಲು. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ. ಸೀರೆ ಉಟ್ಟರೂ ಶೂ.

ಪಾಸೌದಲ್ಲಿ ಮೂರು ನದಿ ಸೇರುತ್ತವೆ. ಡ್ಯಾನ್ಯೂಬ್, ಇನ್, ಇಲ್ಟ್ಸ್, ಮೂರೂ ಬೇರೆ ಬೇರೆ ಬಣ್ಣ. ನದಿ ಪಕ್ಕದ ಪುರಭವನದ ಗೋಡೆಯ ಮೇಲೆ ಹಳೇ ಪ್ರವಾಹಗಳ ಗೆರೆ ಎಳೆದಿದ್ದಾರೆ, ಒಂದೊಂದಕ್ಕೂ ಇಸವಿ. 2013ರ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲೆ. 1501ರ ನಂತರ ಅಷ್ಟು ನೀರು ಆ ಊರಿಗೆ ಬಂದಿರಲಿಲ್ಲವಂತೆ. ದೊಡ್ಡಮ್ಮ ಗೋಡೆಗೆ ಒರಗಿ ನಿಂತು ಕೈ ಮೇಲೆತ್ತಿದರು, ಗೆರೆ ಸಿಗಲಿಲ್ಲ. ನದಿ ಅಂದರೆ ಎಲ್ಲ ಕಡೆಯೂ ಒಂದೇ ಕಣೇ ಅಂದರು.

ಇನ್ನು ದ್ರಾಕ್ಷಿ ನಾಡು. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ 36 ಕಿಲೋಮೀಟರ್, ವಾಹೌ ಕಣಿವೆ ಅಂತಾರೆ. ಎರಡು ಮೂರು ಗಂಟೆಯ ದಾರಿ. ಡ್ಯಾನ್ಯೂಬ್ ಪ್ರವಾಸ ಆರಿಸುವಾಗ ಎಚ್ಚರ ಬೇಕಾದದ್ದು ಇಲ್ಲೇ. ಕೆಲವು ವೇಳಾಪಟ್ಟಿಗಳಲ್ಲಿ ಹಡಗು ವಾಹೌವನ್ನು ಕತ್ತಲಲ್ಲಿ ದಾಟಿ ಕ್ರೆಮ್ಸ್‌ನಲ್ಲಿ ನಿಲ್ಲುತ್ತದೆ, ಮರುದಿನ ನಿಮ್ಮನ್ನು ಬಸ್ಸಿನಲ್ಲಿ ಮೆಲ್ಕ್ ಮಠಕ್ಕೆ ವಾಪಸ್ ಕರೆದುಕೊಂಡು ಹೋಗುತ್ತಾರೆ. ಹೆಸರಿಗೆ ಎರಡೂ ಊರು ನೋಡಿದಂತಾಯಿತು. ನದಿಯ ಮೇಲಿಂದ ಆ ಕಣಿವೆ ನೋಡಿದಂತಾಗಲಿಲ್ಲ. ನಮ್ಮದು ಬೆಳಿಗ್ಗೆ ಮೆಲ್ಕ್ ಮಠ ನೋಡಿ, ಮಧ್ಯಾಹ್ನ ಹೊರಟು, ಸಂಜೆ ಡ್ಯೂರ್ನ್‌ಸ್ಟೈನ್ ತಲುಪುವ ವೇಳಾಪಟ್ಟಿ. ಅದನ್ನೇ ಹುಡುಕಿ.

ಡ್ಯೂರ್ನ್‌ಸ್ಟೈನ್‌ನ ಗುಡ್ಡದ ಮೇಲೆ ಪಾಳುಬಿದ್ದ ಕೋಟೆ ಇದೆ. ಇಂಗ್ಲೆಂಡಿನ ರಾಜ ಸಿಂಹಹೃದಯದ ರಿಚರ್ಡ್ ಧರ್ಮಯುದ್ಧದಿಂದ ಮರಳುವಾಗ 1192ರಲ್ಲಿ ಸಿಕ್ಕಿಬಿದ್ದು ಸೆರೆಯಲ್ಲಿದ್ದದ್ದು ಅಲ್ಲಿ. ದೊಡ್ಡಮ್ಮ ಮತ್ತು ನಾನು ಹತ್ತಿದೆವು. ಅಮ್ಮ ಕೆಳಗೆ ಉಳಿದರು. ನಾವು ಇಳಿದು ಬರುವಾಗ ಅವರು ಒಂದು ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು, ಮಡಿಲಲ್ಲಿ ಕಾಗದದ ಪೊಟ್ಟಣ. ಆ ಮನೆಯ ಅಜ್ಜಿ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಏಪ್ರಿಕಾಟ್ ಮಾರುತ್ತಿದ್ದರು. ವಾಹೌ ವೈನಿಗೆ ಎಷ್ಟು ಹೆಸರೋ ಏಪ್ರಿಕಾಟ್‌ಗೂ ಅಷ್ಟೇ, ಅಲ್ಲಿ ಮರಿಲ್ಲೆ ಅಂತಾರೆ, ಜುಲೈನಲ್ಲಿ ಹಣ್ಣಾಗುತ್ತದೆ. ಬಿಸಿಲಿಗೆ ಬೆಚ್ಚಗಿದ್ದ ಹಣ್ಣು. ಎರಡು ಬೆರಳಲ್ಲಿ ಒತ್ತಿದರೆ ಸೀಳಿ ಬೀಜ ತಾನಾಗಿ ಕಳಚಿ ಬರುತ್ತಿತ್ತು, ಸಿಪ್ಪೆಯ ಮೇಲೆ ಒಂದು ಕಡೆ ಕೆಂಪು ಚುಕ್ಕಿ. ಅಮ್ಮನಿಗೆ ಜರ್ಮನ್ ಬರುವುದಿಲ್ಲ, ಆ ಅಜ್ಜಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಅರ್ಧ ಗಂಟೆ ಮಾತಾಡಿದ್ದಾರೆ. ಇಡೀ ಪ್ರವಾಸದಲ್ಲಿ ಅಮ್ಮ ಈಗಲೂ ನೆನೆಯುವುದು ಅದೊಂದನ್ನೇ.

ಅಮ್ಮ ವೈನ್ ಮುಟ್ಟುವುದಿಲ್ಲ. ಹಾಗಂತ ವೈನ್ ನಾಡಿಗೆ ಹೋಗಿ ಏನು ಮಾಡುವುದು ಅಂದುಕೊಳ್ಳಬೇಡಿ. ಬಹಳ ಕಡೆ ಅದೇ ದ್ರಾಕ್ಷಿಯ ರಸ ಸಿಗುತ್ತದೆ, ಟ್ರೌಬೆನ್‌ಸಾಫ್ಟ್ ಅಂತ ಕೇಳಿ. ಏಪ್ರಿಕಾಟ್ ಒಳಗಿಟ್ಟು ಬೇಯಿಸಿದ ಕಡುಬೂ ಇದೆ, ಹೊರಗೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ. ಕುಡಿಯುವವರು ಅಲ್ಲಿಯ ಗ್ರೂನರ್ ವೆಲ್ಟ್‌ಲೀನರ್ ಬಿಳಿ ವೈನ್ ಕೇಳಿ. ಬಾಟಲಿಯ ಮೇಲೆ ಮೂರು ದರ್ಜೆ ಬರೆದಿರುತ್ತಾರೆ: ಹಗುರದ್ದು ಸ್ಟೈನ್‌ಫೆಡರ್, ನಡುವಿನದ್ದು ಫೆಡರ್‌ಸ್ಪೀಲ್, ಗಟ್ಟಿಯಾದದ್ದು ಸ್ಮರಾಗ್ಡ್. ಕೊನೆಯದು ತೋಟದ ಕಲ್ಲುಗೋಡೆಯ ಮೇಲೆ ಬಿಸಿಲು ಕಾಯಿಸುವ ಹಸಿರು ಹಲ್ಲಿಯ ಹೆಸರು.

ವಿಯೆನ್ನಾಗೆ ಒಂದು ದಿನ ಸಾಲದು. ಅಲ್ಲಿ ರಾತ್ರಿಯೂ ನಿಲ್ಲುವ ಪ್ರವಾಸ ಆರಿಸಿ. ಬುಡಾಪೆಸ್ಟ್‌ಗೆ ಕತ್ತಲಾದ ಮೇಲೆ ನದಿಯಿಂದ ಪ್ರವೇಶಿಸಬೇಕು, ಇಲ್ಲವೇ ಹಡಗು ರಾತ್ರಿ ಒಂದು ಸುತ್ತು ಹಾಕಿಸಬೇಕು. ದೀಪ ಹಚ್ಚಿದ ಪಾರ್ಲಿಮೆಂಟ್ ಕಟ್ಟಡ ನೀರಿನಲ್ಲಿ ಇನ್ನೊಂದಾಗಿ ಕಾಣುತ್ತದೆ. ಹಗಲೇ ಬೇಕು ಅಂತ ನಾನು ಹಟ ಹಿಡಿಯದ ಜಾಗ ಇದೊಂದೇ.

ಡ್ಯಾನ್ಯೂಬ್‌ನಲ್ಲೂ ನೀರಿನ ತೊಂದರೆ ಇದೆ. ಜರ್ಮನಿಯ ಸ್ಟ್ರೌಬಿಂಗ್ ಮತ್ತು ವಿಲ್ಸ್‌ಹೋಫನ್ ನಡುವೆ ಲಾಕ್ ಇಲ್ಲದ ಭಾಗ ಇದೆ, ಬೇಸಿಗೆಯಲ್ಲಿ ಹಡಗು ಸಿಕ್ಕಿಕೊಳ್ಳುವುದು ಅಲ್ಲೇ. ಹಾಗಾಗಿ ನ್ಯೂರೆಂಬರ್ಗ್‌ನಿಂದ ಶುರುವಾಗುವ ಪ್ರವಾಸಕ್ಕಿಂತ ಪಾಸೌದಿಂದ ಶುರುವಾಗುವುದು ಕ್ಷೇಮ. ನೀರು ಹೆಚ್ಚಾದರೂ ಕಷ್ಟ. 2024ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರಿಯಾದಲ್ಲಿ ಪ್ರವಾಹ ಬಂದು ಹಡಗು ಸಂಚಾರವೇ ನಿಂತಿತ್ತು.

ಡೌರೊ: ವೈನ್ ನಾಡೇ ಬೇಕು ಅನ್ನುವವರಿಗೆ

ನನ್ನ ಪ್ರಶ್ನೆಗೆ ನೂರಕ್ಕೆ ನೂರು ಅಂಕ ಈ ನದಿಗೆ. ಡೌರೊದಲ್ಲಿ ಪ್ರವಾಸಿ ಹಡಗುಗಳು ರಾತ್ರಿ ಸಾಗುವಂತಿಲ್ಲ. ಸಾಗಿದ್ದೆಲ್ಲ ಹಗಲಲ್ಲೇ. ಪೋರ್ಟೊದಿಂದ ಸ್ಪೇನ್ ಗಡಿಯವರೆಗೆ ಸುಮಾರು 210 ಕಿಲೋಮೀಟರ್, ಅದೇ ದಾರಿಯಲ್ಲಿ ವಾಪಸ್. ಹೋಗುವಾಗ ಒಂದು ದಡ ನೋಡಿದವರು ಬರುವಾಗ ಇನ್ನೊಂದು ದಡ ನೋಡಬಹುದು. ಬೇಜಾರಾಗುತ್ತದೆ ಅಂತ ಹೆದರಿದ್ದೆ, ಆಗಲಿಲ್ಲ. ಬೆಳಗಿನ ಗುಡ್ಡವೇ ಬೇರೆ, ಸಂಜೆಯ ಗುಡ್ಡವೇ ಬೇರೆ.

ಇಲ್ಲಿ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲಿಗೂ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ಗಾರೆ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು. ತಲೆಮಾರುಗಳ ಕೈಕೆಲಸ ಅದು. ಪೋರ್ಟ್ ವೈನ್ ಬೆಳೆಯುವ ಪ್ರದೇಶ ಇಷ್ಟೇ ಅಂತ ಪೋರ್ಚುಗಲ್‌ನ ಮಂತ್ರಿ ಮಾರ್ಕ್ವಿಸ್ ಪೊಂಬಾಲ್ 1756ರಲ್ಲೇ ಗಡಿ ಹಾಕಿಸಿದ. ವೈನ್ ಪೂರ್ತಿ ಹುದುಗುವ ಮೊದಲೇ ಅದಕ್ಕೆ ದ್ರಾಕ್ಷಿಯ ಸಾರಾಯಿ ಸುರಿದು ನಿಲ್ಲಿಸಿಬಿಡುತ್ತಾರೆ, ಅದಕ್ಕೇ ಅದರಲ್ಲಿ ಸಿಹಿ ಉಳಿಯುತ್ತದೆ, ಅಮಲೂ ಜಾಸ್ತಿ. ನಾವು ಹೋದದ್ದು ಸೆಪ್ಟೆಂಬರ್ ಕೊನೆಗೆ, ಕೊಯ್ಲಿನ ಸಮಯ. ಒಂದು ತೋಟದ ಮನೆಯಲ್ಲಿ ಕಲ್ಲಿನ ತೊಟ್ಟಿಯೊಳಗೆ ಜನ ಸಾಲಾಗಿ ನಿಂತು, ಹೆಗಲ ಮೇಲೆ ಕೈ ಹಾಕಿಕೊಂಡು ದ್ರಾಕ್ಷಿ ತುಳಿಯುತ್ತಿದ್ದರು. ಮೊಣಕಾಲಿನ ತನಕ ನೇರಳೆ ಬಣ್ಣ. ಈಗ ಹೆಚ್ಚಿನ ಕಡೆ ಯಂತ್ರ ಬಂದಿದೆ, ಒಳ್ಳೆಯ ವೈನಿಗೆ ಈಗಲೂ ಕೆಲವರು ಕಾಲನ್ನೇ ನಂಬುತ್ತಾರೆ.

ಐದು ಅಣೆಕಟ್ಟು, ಐದು ಲಾಕ್. ಕರಪಟೆಲೊ ಲಾಕ್ 35 ಮೀಟರ್ ಎತ್ತುತ್ತದೆ. ಒಳಗೆ ಹೋದಾಗ ಹಡಗಿನ ಎರಡೂ ಬದಿಗೆ ಕಾಂಕ್ರೀಟ್ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒದ್ದೆ ಗೋಡೆ, ಪಾಚಿ, ಹಳೇ ಬಾವಿಯೊಳಗೆ ಬಗ್ಗಿದಾಗ ಬರುತ್ತದಲ್ಲ ಅಂಥದೇ ತಣ್ಣನೆಯ ವಾಸನೆ. ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ. ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಗೋಡೆಯ ಮೇಲಿನ ಒಂದು ಕಬ್ಬಿಣದ ಬಳೆಯನ್ನು ನೋಡುತ್ತಾ ಇದ್ದೆ, ಅದು ಮೆಲ್ಲಗೆ ಇಳಿದು ನೀರಿನಲ್ಲಿ ಮುಳುಗಿತು. ಆಗ ಗೊತ್ತಾಯಿತು, ಇಳಿಯುತ್ತಿರುವುದು ಬಳೆ ಅಲ್ಲ, ಏರುತ್ತಿರುವುದು ನಾವು ಅಂತ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಿಸಿಲು ಬಿತ್ತು.

ಇನ್ನೂ ಮೇಲೆ ವಲೈರಾ ಕಮರಿ ಬರುತ್ತದೆ. ಈಗ ಅಣೆಕಟ್ಟಿನಿಂದ ನೀರು ಶಾಂತ. ಅಣೆಕಟ್ಟು ಕಟ್ಟುವ ಮೊದಲು ಅಲ್ಲಿ ಭಾರೀ ಸೆಳೆತ ಇತ್ತು. ಈ ನದಿಯ ನಕ್ಷೆ ಬರೆದ ವೈನ್ ವ್ಯಾಪಾರಿ ಜೋಸೆಫ್ ಫಾರೆಸ್ಟರ್ 1861ರಲ್ಲಿ ದೋಣಿ ಮಗುಚಿ ತೀರಿಕೊಂಡದ್ದು ಅಲ್ಲೇ. ಅದೇ ದೋಣಿಯಲ್ಲಿದ್ದ ದೋನಾ ಆಂಟೋನಿಯಾ ಫೆರೈರಾ ಎಂಬ ತೋಟಗಳ ಒಡತಿ ತನ್ನ ಅಗಲದ ಲಂಗ ಗಾಳಿ ತುಂಬಿ ತೇಲಿದ್ದರಿಂದ ಬದುಕಿಕೊಂಡಳು ಅಂತ ಅಲ್ಲಿಯವರು ಹೇಳುತ್ತಾರೆ.

ಕರಾವಳಿಯವರಿಗೆ ಇಲ್ಲಿ ಇನ್ನೊಂದು ಖುಷಿ ಇದೆ. ಊಟದ ಪಟ್ಟಿಯಲ್ಲಿ ಬಟಾಟಾ ಅಂದರೆ ನಮ್ಮ ಬಟಾಟೆಯೇ, ಅನಾನಸ್ ಅಂದರೆ ಅನಾನಸೇ. ನಾವು ಚಾವಿ ಅನ್ನುವ ಪದವೂ ಇವರಿಂದಲೇ ಬಂದದ್ದು. ನಾನೂರು ಐನೂರು ವರ್ಷದ ಹಿಂದೆ ಇದೇ ದೇಶದ ಹಡಗುಗಳು ಮಂಗಳೂರು, ಬಸ್ರೂರಿಗೆ ಬಂದು ಏನೆಲ್ಲ ಮಾಡಿದವು ಅನ್ನುವುದು ಬೇರೆಯೇ ದೊಡ್ಡ ಕತೆ.

ಡೌರೊದಲ್ಲಿ ಇಲ್ಲದ್ದು ಊರುಗಳು. ದಡದಲ್ಲಿ ಪಿನ್ಯಾಂವ್‌ನಂಥ ಸಣ್ಣ ಹಳ್ಳಿಗಳು ಇವೆ. ಅದರ ರೈಲು ನಿಲ್ದಾಣದ ನೀಲಿ ಹೆಂಚಿನ ಚಿತ್ರಗಳನ್ನು ನೋಡದೆ ಬರಬೇಡಿ. ಐತಿಹಾಸಿಕ ಊರು ಅಂದರೆ ಬಸ್ಸು ಹತ್ತಬೇಕು. ಲಮೇಗೊ, ಗಿಮರೈಸ್, ಸ್ಪೇನಿನ ಸಲಮಾಂಕಾ ಎಲ್ಲವೂ ಬಸ್ಸಿನಲ್ಲೇ, ಘಾಟಿ ತಿರುವುಗಳಲ್ಲಿ. ವಾಂತಿ ಆಗುವವರು ಮಾತ್ರೆ ಇಟ್ಟುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ 40 ಡಿಗ್ರಿ ಬಿಸಿಲು ಸಾಮಾನ್ಯ, ಮೇಲಿನ ಡೆಕ್ಕಿನಲ್ಲಿ ಕೂರಲಾಗದಿದ್ದರೆ ಹಗಲು ಸಾಗಿ ಏನು ಬಂತು? ಮೇ ತಿಂಗಳು, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್, ಆಮ್ಸ್ಟರ್‌ಡ್ಯಾಮ್‌ಗೆ ನೇರ ವಿಮಾನ ಇದೆ, ಪೋರ್ಟೊಗೆ ಇಲ್ಲ. ಒಂದು ದಿನ ಮುಂಚೆಯೇ ತಲುಪಿ.

ಫ್ರಾನ್ಸ್ ಬಗ್ಗೆ ಎರಡು ಮಾತು. ಲಿಯೋನ್‌ನಿಂದ ಆವಿನ್ಯೋನ್, ಆರ್ಲ್‌ವರೆಗಿನ ರೋನ್ ನದಿ ಊಟ ಮತ್ತು ಇತಿಹಾಸಕ್ಕೆ ಬಹಳ ಒಳ್ಳೆಯದು. 14ನೇ ಶತಮಾನದಲ್ಲಿ ಪೋಪರು ರೋಮ್ ಬಿಟ್ಟು ಬಂದು ನೆಲೆಸಿದ ಅರಮನೆ ಇರುವುದು ಆವಿನ್ಯೋನ್‌ನಲ್ಲಿ. ಆದರೆ ದ್ರಾಕ್ಷಿ ತೋಟಕ್ಕೆ ಹೆಚ್ಚಾಗಿ ಬಸ್ಸಿನಲ್ಲೇ ಹೋಗಬೇಕು. ಬೋರ್ಡೊ ಪ್ರವಾಸದಲ್ಲಿ ಹಡಗು ಸಾಗುವುದೇ ಕಡಿಮೆ, ಅದು ತೇಲುವ ಹೋಟೆಲ್ ಇದ್ದ ಹಾಗೆ. ವೈನ್ ಬಗ್ಗೆ ಗಂಭೀರವಾಗಿ ಕಲಿಯಬೇಕು ಅನ್ನುವವರಿಗೆ ಬೋರ್ಡೊ, ಉಳಿದವರಿಗೆ ಬೇಡ.

ಹಡಗಿನ ವಿಷಯ

ಎಲ್ಲ ನದಿ ಹಡಗುಗಳೂ ಹೆಚ್ಚು ಕಮ್ಮಿ ಒಂದೇ ಅಗಲ, ಲಾಕ್‌ಗಳ ಒಳಗೆ ಹಿಡಿಸಬೇಕಲ್ಲ. 12 ಮೀಟರ್ ಲಾಕ್‌ಗೆ 11.4 ಮೀಟರ್ ಹಡಗು. ಹಾಗಾಗಿ ಕೋಣೆ ಸಣ್ಣದೇ. ಕೆಳಗಿನ ಡೆಕ್ಕಿನ ಕೋಣೆಗೆ ನೀರಿನ ಮಟ್ಟಕ್ಕೆ ಸಣ್ಣ ಕಿಟಕಿ, ತೆರೆಯಲಾಗದು, ಬೆಲೆ ಕಡಿಮೆ. ಫ್ರೆಂಚ್ ಬಾಲ್ಕನಿ ಅಂದರೆ ಸರಿಸುವ ಗಾಜಿನ ಬಾಗಿಲು ಮತ್ತು ಒಂದು ಕಂಬಿ, ಕುರ್ಚಿ ಹಾಕಲು ಜಾಗ ಇರುವುದಿಲ್ಲ. ಬಾಲ್ಕನಿ ಎಂಬ ಹೆಸರಿಗೆ ಮರುಳಾಗಿ ದುಡ್ಡು ಸುರಿಯಬೇಡಿ. ಊರುಗಳಲ್ಲಿ ಒಂದರ ಪಕ್ಕ ಒಂದು ಹಡಗು ಕಟ್ಟುತ್ತಾರೆ, ಪರದೆ ಸರಿಸಿದರೆ ಪಕ್ಕದ ಹಡಗಿನವರ ಹಾಸಿಗೆ ಕಾಣುತ್ತದೆ! ನೋಟ ಇರುವುದು ಮೇಲಿನ ಡೆಕ್ಕಿನಲ್ಲಿ, ಅದು ಎಲ್ಲರಿಗೂ ಒಂದೇ. ಗಟ್ಟಿ ಕಾಲು ಇದ್ದವರು ಕೆಳಗಿನ ಕೋಣೆ ತೆಗೆದುಕೊಂಡು ದುಡ್ಡು ಉಳಿಸಿ. ವಯಸ್ಸಾದವರಿಗೆ ಮಾತ್ರ ನಡುವಿನ ಡೆಕ್ಕು, ಯಾಕೆಂದರೆ ಬಹಳ ಹಡಗುಗಳಲ್ಲಿ ಲಿಫ್ಟ್ ಕೆಳಗಿನವರೆಗೆ ಬರುವುದಿಲ್ಲ.

ಏಳು ರಾತ್ರಿಗೆ ಒಬ್ಬರಿಗೆ ಸಾಮಾನ್ಯವಾಗಿ 1,500 ಯೂರೋದಿಂದ ಶುರುವಾಗಿ 4,000 ದಾಟುತ್ತದೆ. ವಿಮಾನ ಬೇರೆ. ಬೆಲೆ ಹೋಲಿಸುವಾಗ ಗೈಡ್ ಜೊತೆಗಿನ ಸುತ್ತಾಟ, ಊಟದ ಜೊತೆಯ ವೈನ್, ಸಿಬ್ಬಂದಿಗೆ ಕೊಡುವ ಟಿಪ್ಸ್ ಸೇರಿದೆಯೇ ಅಂತ ನೋಡಿ. ಕಡಿಮೆ ಬೆಲೆಯದಕ್ಕೆ ಇವೆಲ್ಲ ಸೇರಿಸಿದರೆ ಎಷ್ಟೋ ಸಲ ಎರಡೂ ಒಂದೇ ಆಗುತ್ತದೆ. ಒಬ್ಬರೇ ಹೋಗುವವರಿಗೆ ಹೆಚ್ಚುವರಿ ಶುಲ್ಕ ಇರುತ್ತದೆ. ನೀರು ಕಡಿಮೆಯಾಗಿ ಬಸ್ಸು ಹತ್ತಿಸಿದರೆ ದುಡ್ಡು ವಾಪಸ್ ಸಿಗುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ. ನಮಗೆ ಒಂದು ಪೈಸೆ ಸಿಗಲಿಲ್ಲ, ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ. ಮೊಟ್ಟೆ, ಮೀನು ಎರಡೂ ಬೇಡ ಅಂತ ಬಿಡಿಸಿ ಬರೆಯಿರಿ. ದಿನಾ ಒಂದು ಸಸ್ಯಾಹಾರ ಇದ್ದೇ ಇರುತ್ತದೆ, ಆದರೆ ಮೂರನೇ ದಿನಕ್ಕೆ ಪಾಸ್ತಾ, ಚೀಸ್ ಸಾಕಾಗುತ್ತದೆ. ನಾವು ಕೇಳಿಕೊಂಡ ಮೇಲೆ ಅಡುಗೆಯವರು ಬಿಳಿ ಅನ್ನ, ಮೊಸರು ಕೊಟ್ಟರು, ದೊಡ್ಡಮ್ಮನ ಚೀಲದಲ್ಲಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇತ್ತು. ತುಪ್ಪ, ಪೇಡ ಮಾತ್ರ ಒಯ್ಯಬೇಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ವೀಸಾ ಒಂದೇ, ಷೆಂಗೆನ್, ಅಂದರೆ ಯುರೋಪಿನ ಹೆಚ್ಚಿನ ದೇಶಗಳಿಗೆ ಸೇರಿಸಿ ಕೊಡುವ ವೀಸಾ. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೆ ಅರ್ಜಿ, ರಾತ್ರಿಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಡ್ಯಾನ್ಯೂಬ್ ಪ್ರವಾಸದಲ್ಲಿ ನಾಲ್ಕು ದೇಶ ಬರುವುದರಿಂದ ಇಲ್ಲೂ ವೇಳಾಪಟ್ಟಿ ಬೇಕಾಗುತ್ತದೆ. ಬುಡಾಪೆಸ್ಟ್ ದಾಟಿ ಸರ್ಬಿಯಾ ಕಡೆ ಹೋಗುವ ಪ್ರವಾಸವಾದರೆ ಷೆಂಗೆನ್ ಬಿಟ್ಟು ಮತ್ತೆ ಒಳಗೆ ಬರುತ್ತೀರಿ, ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇರುವ ವೀಸಾ ಕೇಳಿ. ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಹಡಗೇ ಬೇಕಾ?

ಕೈಯಲ್ಲಿ ದುಡ್ಡು ಕಡಿಮೆ, ಕಾಲಲ್ಲಿ ಶಕ್ತಿ ಇದೆ ಅನ್ನುವ ವಯಸ್ಸಿನವರಿಗೆ ನಾನು ಏಳು ರಾತ್ರಿಯ ಹಡಗು ಹೇಳುವುದಿಲ್ಲ. ಮೂರೂ ಕಡೆ ಅತಿ ಚೆಂದದ ಭಾಗಕ್ಕೆ ಹಗಲು ದೋಣಿ ಇಲ್ಲವೇ ರೈಲು ಇದೆ, ಅದೂ ಹಡಗಿನ ಖರ್ಚಿನ ಒಂದು ಚೂರಿನಲ್ಲಿ. ನಾನು ರೈನ್ ಕಣಿವೆಯನ್ನು ಕೊನೆಗೂ ನೋಡಿದ್ದು ಹೀಗೇ: ಫ್ರಾಂಕ್‌ಫರ್ಟ್‌ನಿಂದ ಕೋಬ್ಲೆಂಜ್‌ಗೆ ರೈಲು, ಅಲ್ಲಿಂದ ರೂಡೆಸ್‌ಹೈಮ್‌ಗೆ ದೋಣಿ, ಹರಿವಿಗೆ ಎದುರಾಗಿ, ಇಡೀ ದಿನ. ಕೌಬ್‌ನ ಪುಟ್ಟ ಕೋಟೆ ಹತ್ತಿರ ಬಂದಾಗ ನಮ್ಮನೆಯವರು ಎದ್ದು ನಿಂತರು. ವಿಯೆನ್ನಾದಿಂದ ಮೆಲ್ಕ್‌ಗೆ ರೈಲಿನಲ್ಲಿ ಹೋಗಿ, ಕ್ರೆಮ್ಸ್‌ವರೆಗೆ ದೋಣಿ ಹಿಡಿದು, ಸಂಜೆ ರೈಲಿಗೆ ವಾಪಸ್ ಬರಬಹುದು. ಪೋರ್ಟೊದಿಂದ ಪಿನ್ಯಾಂವ್‌ಗೆ ಎರಡೂವರೆ ಗಂಟೆಯ ರೈಲು ಇದೆ, ಅರ್ಧ ದಾರಿ ನದಿಗೆ ಅಂಟಿಕೊಂಡೇ ಹೋಗುತ್ತದೆ. ಬೇಗ ಹೋಗಿ ಬಲಗಡೆಯ ಕಿಟಕಿ ಹಿಡಿಯಿರಿ, ನದಿ ಆ ಕಡೆ.